ಕುಂಚಾವರಂ ತಿರುವಿಗೆ ಹೋಗದೆ ಉಳಿದ ಫಲಕ

ಸಭೆಯಲ್ಲಿ ಕೂತಿರುವ ಹಿರಿಯರೇ, ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯಿಂದ ಗಾಡಿ ನಿಲ್ಲಿಸಿ ಬಂದಿರುವ ಡ್ರೈವರ್ ಬಂಧುಗಳೇ, ನಮ್ಮನ್ನಗಲಿದ ಗುರುಲಿಂಗಯ್ಯನವರ ಧರ್ಮಪತ್ನಿ ತಾಯಿ ಮಹಾದೇವಮ್ಮನವರೇ, ಅವರ ಮನೆಮಂದಿಯೇ — ನಿಮಗೆಲ್ಲ ಈ ಬಸವಂತರಾಯನ ಶರಣಾರ್ಥಿಗಳು.

ಭಾಷಣ ಮಾಡಿ ನನಗೆ ರೂಢಿ ಇಲ್ಲ. ಗುರುಲಿಂಗಯ್ಯನವರೂ ನಾನೂ ಒಂದೇ ಕಚೇರಿಯ ಮೋಟಾರು ಇನ್ಸ್‌ಪೆಕ್ಟರುಗಳು. ಲೈಸೆನ್ಸಿಗೆ ಬಂದವರ ಗಾಡಿ, ಬ್ರೇಕು, ಸ್ಟೇರಿಂಗು ನೋಡುವುದು ನನ್ನ ಕೆಲಸ. ದಾರಿಯ ನಿಶಾನಿಗಳು ಬಂದವರಿಗೆ ಗೊತ್ತಿವೆಯೋ ಇಲ್ಲವೋ ಎಂದು ಕೇಳುವುದು ಗುರುಲಿಂಗಯ್ಯನವರ ಕೆಲಸವಾಗಿತ್ತು. ಹಾಗಾಗಿ ಎದ್ದು ನಿಂತಿದ್ದೇನೆ. ನಡುವೆ ಮಾತು ನಿಂತರೆ — ಕ್ಷಮಿಸಬೇಕು.

ಪೊಲೀಸ್ ಆಕ್ಷನ್‌ಗಿಂತ ಮುಂಚೆ, ನಿಜಾಮರ ಕಾಲದಲ್ಲಿ, ನಮ್ಮ ಕಡೆ ಲೈಸೆನ್ಸ್ ಹೇಗೆ ಸಿಗುತ್ತಿತ್ತು, ಇಲ್ಲಿರುವ ಹಳಬರಿಗೆ ಗೊತ್ತು. ಗಾಡಿ ನಾಲ್ಕು ಮಾರು ಮುಂದೆ ಹೋಯಿತು, ಹಿಂದೆ ಬಂತು, ಒಂದು ಸಲಾಮು — ಆಯಿತು. ಗುರುಲಿಂಗಯ್ಯನವರು ಬಂದ ಮೇಲೆ ಅದು ನಿಂತಿತು. ತಗಡಿನ ತುಂಡುಗಳ ಮೇಲೆ ತಾವೇ ನಿಶಾನಿ ಬರೆದು, ಸೇಡಂ ಮುಸಾಫಿರಖಾನೆಯ ಕಟ್ಟೆಯ ಮೇಲೆ ಕುಳಿತು, ಒಂದೊಂದನ್ನೇ ಹೀಗೆ ಎತ್ತಿ ಹಿಡಿಯುತ್ತಿದ್ದರು. "ಇದೇನು ಹೇಳ್ರಿ?"

ಒಮ್ಮೆ ಚಿತ್ತಾಪುರ ಕಡೆಯ ದೊಡ್ಡ ಜಮೀನುದಾರರೊಬ್ಬರು ಹೊಸ ಫಟಫಟಿ ಮೋಟಾರ್ ಸೈಕಲ್ ಹತ್ತಿ ಬಂದರು. ಕಟ್ಟೆಯ ಮೇಲಿನ ತಗಡು ನೋಡಿ ಅವರಿಗೆ ಸಿಟ್ಟು. "ನಾವು ಯಾರಂತ ಗೊತ್ತದನು ನಿಮಗ?" ಅಂದರು. ಇವರು ನಿಧಾನವಾಗಿ, "ಗೊತ್ತದರಿ ಧಣೀ. ಆದ್ರ ಈ ನಿಶಾನಿ ಯಾವ್ದಂತ ನಿಮಗ ಗೊತ್ತಿಲ್ಲಲ್ಲ" ಅಂದರು. ಆ ಮನುಷ್ಯ ಫಟಫಟಿಯನ್ನು ತಳ್ಳಿಕೊಂಡೇ ಹೋದ. ನಗಬಹುದು, ನಗಿ. ಅವರೂ ನಗುತ್ತಿದ್ದರು.

ಆದರೆ ಲಾಲ್ ಅಹ್ಮದ್ ಬಂದ ದಿನ ಅವರು ನಗಲಿಲ್ಲ. ಲಾಲ್ ಅಹ್ಮದ್ ಇಲ್ಲೇ ಕುಳಿತಿದ್ದಾನೆ. ಮೀಸೆ ಮೂಡುವ ಮೊದಲಿನಿಂದ ಶಹಾಬಾದಿನ ಫರಸಿ ಕಲ್ಲು ಹೊತ್ತ ಲಾರಿ ಓಡಿಸಿದವನು. ಒಂದು ಕೋಳಿಯೂ ಅವನ ಗಾಲಿಗೆ ಸಿಕ್ಕಿರಲಿಲ್ಲ. ಶಾಲೆ ಇದೆ ಎಂದು ತೋರಿಸುವ ಫಲಕದಲ್ಲಿ ಉರಿಯುವ ದೀವಟಿಗೆಯ ಚಿತ್ರ ಇರುತ್ತದಲ್ಲ, ಅದನ್ನು ಗುರುಲಿಂಗಯ್ಯನವರು ಎತ್ತಿ ಹಿಡಿದರು.

ಲಾಲ್ ಅಹ್ಮದ್ ಕಣ್ಣು ಕಿರಿದು ಮಾಡಿ ನೋಡಿದ. "ಮುಂದ ಮೊಹರಂ ಮೆರವಣಿಗಿ ಅದರಿ ಸಾಹೇಬ್ರ. ಗಾಡಿ ಸಾವಕಾಶ ಹೊಡೀಬೇಕು."

ನಾನು ಅವರ ಕಿವಿಯಲ್ಲಿ ಹೇಳಿದೆ — "ಸಾವಕಾಶ ಅಂದಾನಲ್ಲರಿ, ಬಿಡ್ರಿ, ಪಾಸ್ ಮಾಡ್ರಿ." ಅವರು ಒಪ್ಪಲಿಲ್ಲ. ಮೆರವಣಿಗೆ ಕಾಣದಿದ್ದರೆ ಇವನು ಮತ್ತೆ ಜೋರು ಹೊಡೆಯುತ್ತಾನೆ, ಅಷ್ಟರಲ್ಲಿ ಮಕ್ಕಳು ಶಾಲೆಯಿಂದ ಹೊರಗೆ ಬರುತ್ತಾರೆ ಎಂದರು. ಫೇಲು.

ಲಾಲ್ ಅಹ್ಮದ್ ಜಗಳ ಮಾಡಲಿಲ್ಲ. ಹೋಗುವಾಗ ಒಂದೇ ಮಾತು ಕೇಳಿದ. "ಸಾಹೇಬ್ರ, ವಾಡಿಯಿಂದ ಚಿಂಚೋಳಿ ತನಕ ಇಂಥ ನಿಶಾನಿ ಎಲ್ಲ್ಯರ ಒಂದು ನಿಂತದನ್ರಿ? ಇಲ್ಲದ್ದು ನಾ ಹ್ಯಾಂಗ ಓದ್ಲಿ?"

ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿದ ಗುರುಲಿಂಗಯ್ಯನವರು ರೊಟ್ಟಿ ಮುರಿಯದೆ ಹಾಗೇ ಕುಳಿತಿದ್ದರು. "ಬಸವಂತರಾಯ, ಅಂವ ಕೇಳಿದ್ದು ಖರೇ ಅದ. ಹೊಟ್ಟಿ ಮ್ಯಾಲ ಹೊಡದೆನಲ್ಲೋ ನಾ" ಅಂದರು.

ಅಲ್ಲಿಂದ ಶುರುವಾಯಿತು ನೋಡಿ. ಮೇಲಿನವರಿಗೆ ಬರೆದರು. ಹೈದರಾಬಾದಿಗೆ ಬರೆದರು. ಉತ್ತರವಿಲ್ಲ. ಕಡೆಗೆ ಸೇಡಂನ ಬಡಿಗೇರರಿಂದ ಕಂಬ ಮಾಡಿಸಿ, ತಾವೇ ಬಣ್ಣ ಹಚ್ಚಿ, ರಜೆಯ ದಿನ ಹೊರಟರು. ಜೊತೆಗೆ ಯಾರನ್ನು ಕರೆದುಕೊಂಡರು? ತಾವೇ ಫೇಲು ಮಾಡಿದ ಲಾಲ್ ಅಹ್ಮದನನ್ನು. ಅವನು ಗುಂಡಿ ತೋಡಿದ, ಇವರು ಕಂಬ ಹಿಡಿದರು. ಒಂದೊಂದು ಫಲಕ ನಿಲ್ಲಿಸುವಾಗಲೂ ಅದರ ಅರ್ಥ ಹೇಳಿದರು. ಎರಡನೇ ಸಲ ಪರೀಕ್ಷೆಗೆ ಬಂದಾಗ ಅವನು ಒಂದೂ ತಪ್ಪಲಿಲ್ಲ. ಕಾಗಿಣಾ ಹೊಳೆಯ ದಾರಿಯಲ್ಲಿ, ಕೋಡ್ಲಾ ಶಾಲೆಯ ಮುಂದೆ, ವಾಡಿಯ ರೈಲ್ವೆ ಗೇಟಿನ ಈಚೆ ನೀವು ನೋಡುತ್ತಿರುವ ಫಲಕಗಳು ಅವೇ.

ಉಳಿದದ್ದು ಕುಂಚಾವರಂ ಕಾಡಿನ ತಿರುವು. ಫಲಕ ಸಿದ್ಧವಾಗಿತ್ತು. ಬಣ್ಣ ಒಣಗಿತ್ತು. ಅಷ್ಟರಲ್ಲಿ ಮೇಲಿನಿಂದ ಹುಕುಂ ಬಂತು — ಅಪ್ಪಣೆ ಇಲ್ಲದೆ ಸರ್ಕಾರಿ ದಾರಿಯಲ್ಲಿ ಇನ್ನೊಂದು ಕಂಬ ನೆಟ್ಟರೆ ನೌಕರಿಗೆ ಸಂಚಕಾರ. ಲಾಲ್ ಅಹ್ಮದ್, "ನಾ ಒಬ್ಬನೇ ಹೋಗಿ ನೆಟ್ಟು ಬರ್ತೀನ್ರಿ, ನಿಮ್ಮ ಹೆಸರು ಬರೂದಿಲ್ಲ" ಎಂದ. ಗುರುಲಿಂಗಯ್ಯನವರು ಬೇಡ ಎಂದರು. ಊರಿಗೆಲ್ಲ ಕಾನೂನು ಹೇಳುವ ತಾವೇ ಹುಕುಂ ಮುರಿಯಲು ಅವರಿಗೆ ಮನಸ್ಸು ಬರಲಿಲ್ಲ. ಅಪ್ಪಣೆ ಬಂದೇ ಬರುತ್ತದೆ, ತಡೆಯೋಣ ಎಂದರು. ತಡೆದೆವು. ಫಲಕ ಕಚೇರಿಯ ಗೋಡೆಗೆ ಒರಗಿ ನಿಂತಿತು. ಅದರ ಮೇಲೆ ಯಾರೋ ಛತ್ರಿ ತೂಗುಹಾಕತೊಡಗಿದರು.

ಈ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ. ಬಿದಿರು ಲಾರಿಗಳ ಡ್ರೈವರುಗಳ ಪರೀಕ್ಷೆಗೆಂದು ಕುಂಚಾವರಂಗೆ ಹೊರಟಿದ್ದೆವು. ಫಟಫಟಿ ಅವರು ಓಡಿಸುತ್ತಿದ್ದರು, ನಾನು ಹಿಂದೆ ಕೂತಿದ್ದೆ. ಮಂಜು ಇನ್ನೂ ಹರಿದಿರಲಿಲ್ಲ. ಆ ತಿರುವಿನಲ್ಲಿ —

ತಿರುವಿನಲ್ಲಿ ಎದುರಿನಿಂದ ಬಿದಿರು ತುಂಬಿದ ಲಾರಿ ಬಂತು. ಇಬ್ಬರಿಗೂ ಒಬ್ಬರಿಗೊಬ್ಬರು ಕಾಣಲಿಲ್ಲ. ಲಾರಿಯವನು ತಾಂಡೂರಿನ ಎಲ್ಲಯ್ಯ. ಆ ದಾರಿ ಅವನಿಗೆ ಹೊಸದು. ಇಳಿಜಾರಿನಲ್ಲಿ ಬಂದವನು ಬ್ರೇಕು ತುಳಿದ. ನಾನು ಕಣ್ಣಾರೆ ಕಂಡಿದ್ದೇನೆ, ತುಳಿದ. ಸಾಲಲಿಲ್ಲ. ನನ್ನ ಈ ಕೈ ಮುರಿಯಿತು. ಅವರು ಲಾರಿಯ ಮುಂದಿನ ಗಾಲಿಗೆ ಸಿಕ್ಕರು.

ಎಲ್ಲಯ್ಯ ಓಡಿಹೋಗಬಹುದಿತ್ತು. ಸುತ್ತ ಕಾಡು, ಕೇಳುವವರಿಲ್ಲ. ಅವನು ಓಡಲಿಲ್ಲ. ಲಾರಿ ಹಗುರಾಗಲೆಂದು ಹಗ್ಗ ಕೊಯ್ದು ಬಿದಿರನ್ನೆಲ್ಲ ದಾರಿಯ ಬದಿಗೆ ಕೆಡವಿ, ಗುರುಲಿಂಗಯ್ಯನವರನ್ನು ಮಗುವಿನ ಹಾಗೆ ಎತ್ತಿ ತನ್ನ ಪಕ್ಕದ ಸೀಟಿನಲ್ಲಿ ಮಲಗಿಸಿದ. ತಲೆ ನನ್ನ ತೊಡೆಯ ಮೇಲೆ. ಚಿಂಚೋಳಿಯ ದವಾಖಾನೆಗೆ ಹೊರಟೆವು. ಎಲ್ಲಯ್ಯ ಅಳುತ್ತಲೇ ಓಡಿಸುತ್ತಿದ್ದ, ತೆಲುಗಿನಲ್ಲಿ ಏನೇನೋ ಬೇಡಿಕೊಳ್ಳುತ್ತಿದ್ದ. ನನಗೆ ಅವನ ಮೇಲೆ ಕೆಂಡದಂಥ ಸಿಟ್ಟು. ಬಾಯಿಗೆ ಬಂದದ್ದು ಬೈದೆ.

ಆಗ ಗುರುಲಿಂಗಯ್ಯನವರು ಕಣ್ಣು ತೆರೆದರು. "ಬೈಬ್ಯಾಡೋ ಬಸವಂತ. ಅವಗ ಯಾರು ಹೇಳಿದ್ರು ತಿರುವು ಅದಂತ?" ಅಂದರು. ಆಮೇಲೆ ಎಲ್ಲಯ್ಯನ ಕಡೆ ಹೊರಳಿ, "ಅಳಬ್ಯಾಡಪ್ಪ. ದಾರಿ ನೋಡು" ಅಂದರು.

ಚಿಂಚೋಳಿ ಬರುವ ಮುಂಚೆಯೇ ಹೋದರು.

ಮೂರನೇ ದಿನ ಲಾಲ್ ಅಹ್ಮದ್ ಯಾರನ್ನೂ ಕೇಳದೆ ಆ ಫಲಕ ಹೊತ್ತೊಯ್ದು ತಿರುವಿನಲ್ಲಿ ನೆಟ್ಟು ಬಂದಿದ್ದಾನೆ. ಅಪ್ಪಣೆ ಇನ್ನೂ ಬಂದಿಲ್ಲ. ಕಿತ್ತು ಹಾಕುವ ಧೈರ್ಯವೂ ಯಾರಿಗೂ ಬಂದಿಲ್ಲ. ಆದರೆ ನೆರೆದವರೇ, ನೆಟ್ಟದ್ದು ತಡವಾಯಿತು. ಒಬ್ಬ ಒಳ್ಳೆಯ ಮನುಷ್ಯ ಹೋಗಬೇಕಾಯಿತು ಅಲ್ಲಿ ಒಂದು ಕಂಬ ನಿಲ್ಲಲಿಕ್ಕೆ. ಇದನ್ನು ಯಾವ ಮಾತಿನಿಂದ ಸಮಾಧಾನ ಮಾಡಿಕೊಳ್ಳುವುದು? ನನಗೆ ತಿಳಿಯದು.

ಇನ್ನೊಂದು ಮಾತಿದೆ. ಅದು ನನ್ನದಲ್ಲ, ತಾಯಿಯವರದು.

ಎಲ್ಲಯ್ಯ ಇವತ್ತು ತಾಂಡೂರಿನಿಂದ ಬಂದಿದ್ದಾನೆ. ಹೊರಗೆ ಬೇವಿನ ಗಿಡದ ಬುಡದಲ್ಲಿ ನಿಂತಿದ್ದಾನೆ. ಒಳಗೆ ಬಿಡಬಾರದು ಎಂದು ನಮ್ಮಲ್ಲೇ ಕೆಲವರು ಹೇಳಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಸಭೆ ಶುರುವಾಗುವ ಮೊದಲು ಮಹಾದೇವಮ್ಮನವರು ನನ್ನನ್ನು ಕರೆದು ಕೇಳಿದರು — "ಅಂವ ಬಂದಾನಂತಲ್ಲ, ಯಾಕ ಹೊರಗ ನಿಂದ್ರಿಸೀರಿ? ಕಡೀ ಹೊತ್ತಿನ್ಯಾಗ ನಾ ಅವರ ಜೋಡಿ ಇರಲಿಲ್ಲ. ಅಂವ ಇದ್ದ. ಒಳಗ ಕರ್ಕೊಂಡು ಬರ್ರಿ, ನಮ್ಮ ಮಂದಿ ಜೋಡಿ ಕುಂದರಲಿ."

ಲಾಲ್ ಅಹ್ಮದ್, ಹೋಗಪ್ಪ, ಅವನನ್ನು ಕರೆದುಕೊಂಡು ಬಾ.

— ಬಾ ಎಲ್ಲಯ್ಯ. ಅಂಜಬೇಡ. ಮುಂದೆ ಬಾ. ದಾರಿ ಬಿಡಿ ಅವನಿಗೆ. ಇಲ್ಲಿ, ತಾಯಿಯವರ ಹತ್ತಿರ.

ಈಗ ಎಲ್ಲರೂ ಎದ್ದು ನಿಲ್ಲೋಣ. ಗುರುಲಿಂಗಯ್ಯನವರನ್ನು ನೆನೆದು ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ.

ಎಲ್ಲಯ್ಯ, ಕಾಲು ಹಿಡಿಯಬೇಡ, ಏಳು. ನಮ್ಮ ಜೊತೆ ನಿಲ್ಲು.