ಲಂಡನ್ ನೀರಿನ ಗಿಂಡಿ

ಒಂದೂರಲ್ಲಿ ಒಬ್ಬಳು ಸಾಹುಕಾರ್ತಿ ಇದ್ದಳು. ನಮ್ಮ ಮುತ್ತಜ್ಜಿಯರ ಕಾಲ, ಹಡಗಿನ ಕಾಲ. "ಕಾಶಿಗೆ ಯಾರು ಬೇಕಾದ್ರೂ ಹೋಗ್ತಾರೆ, ನಾನು ಪ್ರಪಂಚಾನೇ ಸುತ್ತಿ ಬರ್ತೀನಿ" ಅಂದಳು. ಹೊರಟೇಬಿಟ್ಟಳು! ಅಡುಗೆಯವರು, ಹಪ್ಪಳ ಸಂಡಿಗೆ, ಉಪ್ಪಿನಕಾಯಿ ಭರಣಿ, ಎಲ್ಲವೂ ಹಡಗು ಹತ್ತಿದವು.

ಹೊರಡೋ ಮುಂಚೆ ಮನೆಮನೆಗೂ ಹೋಗಿ "ಹೋಗಿ ಬರ್ತೀನಿ" ಅಂತ ಹೇಳಿದಳು. ಒಂದು ಮನೆ ಬಿಟ್ಟು. ಯಾವುದು? ಪಕ್ಕದ್ದೇ. ಅಲ್ಲಿದ್ದವಳು ಅವಳ ಹಿರಿಯ ಓರಗಿತ್ತಿ. ಮನೆ ಪಾಲಾದಾಗ ಜಗಳವಾಗಿ, ನಡುವಿನ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ್ದಳು ಈ ಮಹಾತಾಯಿ. ಮನೆಗಿದ್ದ ಒಂದೇ ಬಾವಿ ಈಕಡೆ ಉಳೀತು, ಅಕ್ಕ ಆಕಡೆ.

ನೋಡಿ, ಕಾಶಿಗೆ ಹೋದವರು ಗಂಗೆ ತುಂಬಿ ಬೆಸುಗೆ ಹಾಕಿದ ಗಿಂಡಿ ತರ್ತಾರಲ್ಲ, ಕೊನೆಗಾಲದಲ್ಲಿ ಬಾಯಿಗೆ ಬಿಡೋಕೆ? ಈಕೆ ಕಮ್ಮೀನಾ? ಲಂಡನ್ನಿನ ಹೊಳೆ, ಪ್ಯಾರಿಸಿನ ಹೊಳೆ, ಈಜಿಪ್ಟಿನ ನೈಲು, ಸಿಕ್ಕ ನೀರನ್ನೆಲ್ಲ ಗಿಂಡಿಗೆ ತುಂಬಿ ಬೆಸುಗೆ ಹಾಕಿಸಿ ತಂದಳು. ದೇವರಮನೇಲಿ ಸಾಲಾಗಿಟ್ಟು ಹೂ ಏರಿಸಿದಳು. ಊರಿನವರು ಕೈ ಮುಗಿದರು! ಲಂಡನ್ನಿನ ದೊರೆಗಳು ಆ ಹೊಳೇಲಿ ಏನೇನು ತೊಳೀತಿದ್ದರೋ, ಶಿವನಿಗೇ ಗೊತ್ತು.

ಬಂದ ವಾರಕ್ಕೇ ಸುದ್ದಿ ಬಂತು, ಓರಗಿತ್ತಿ ಕೊನೆಯುಸಿರು ಎಳೀತಿದ್ದಾಳೆ ಅಂತ. ಎಷ್ಟಾದರೂ ಹೆಂಗರುಳು. ಗಿಂಡಿಗಳನ್ನೆಲ್ಲ ಹೊರಿಸಿಕೊಂಡು ಓಡಿದಳು. "ಅಕ್ಕಾ, ಲಂಡನ್ನಿಂದು ಬಿಡ್ಲಾ? ಪ್ಯಾರಿಸಿಂದು ಬಿಡ್ಲಾ?"

ಮುದುಕಿ ಕಣ್ಣು ತೆರೆದಳು. "ಪ್ರಪಂಚ ಸುತ್ಕೊಂಡು ಈಗ ನಮ್ಮನೆಗೆ ಬಂದ್ಯಾ ತಂಗೀ? ನಂಗೆ ನಮ್ಮ ಬಾವಿ ನೀರು ಒಂದು ಗುಟುಕು ಕೊಡೇ. ಈ ಮನೆ ಸೊಸೆಯಾಗಿ ಬಂದ ದಿನ ಕುಡಿದಿದ್ದು ಅದೇ ನೀರು."

ಬಾವಿ ಗೋಡೆಯಾಚೆಗೇ ಇದೆ. ಆದರೆ ಬಾಗಿಲೆಲ್ಲಿ? ಇಟ್ಟಿಗೆ! ತಾನೇ ಕಟ್ಟಿಸಿದ್ದು. ಬೀದಿಗಿಳಿದು, ಸುತ್ತಿಕೊಂಡು, ತನ್ನ ಹಿತ್ತಿಲಿಗೆ ಹೋಗಿ ಸೇದಿ, ಮತ್ತೆ ಸುತ್ತಿಕೊಂಡು ಬರೋಷ್ಟರಲ್ಲಿ ಅಕ್ಕನ ಉಸಿರು ನಿಂತಿತ್ತು. ತುಟಿಗೆ ಬಿಟ್ಟ ನೀರು ಕೆನ್ನೆ ಮೇಲೆ ಹರಿದು ಹೋಯ್ತು. ಸಾಹುಕಾರ್ತಿ ಚೊಂಬು ಹಿಡಿದುಕೊಂಡೇ ಗೊಳೋ ಅಂತ ಅತ್ತಳು.

ಇಷ್ಟೊತ್ತು ಕಥೆ ಕೇಳ್ತಾ ನಗ್ತಿದ್ರಿ. ಈಗ್ಯಾಕೆ ಕಣ್ಣೊರೆಸ್ಕೊಳ್ತಿದ್ದೀರಿ? ಕೇದಾರ ಆಯ್ತು, ಸಿಂಗಾಪುರ ಆಯ್ತು, ಒಡಹುಟ್ಟಿದ ಅಣ್ಣನ ಮನೆ ಹೊಸಿಲು ಮಾತ್ರ ನಮಗೆ ದೂರ! ಇವತ್ತು ಇಲ್ಲಿಂದ ಎದ್ದವರು ಸೀದಾ ನಿಮ್ಮ ಮನೆಗೆ ಹೋಗಬೇಡಿ. ಮಾತು ಬಿಟ್ಟವರ ಮನೆಗೆ ಹೋಗಿ. "ಒಂದು ಲೋಟ ನೀರು ಕೊಡಿ" ಅಂತ ನೀವೇ ಬಾಯಿಬಿಟ್ಟು ಕೇಳಿ, ಕೂತು ಕುಡೀರಿ. ಪ್ರಸಾದಕ್ಕೆ ಕಾಯಬೇಡಿ, ಎತ್ತಿಟ್ಟಿರ್ತೀವಿ. ಹೊರಡಿ.