ಐಸ್‌ಕ್ಯಾಂಡಿ ಕಡ್ಡಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹರ್ಷಿತಾಳ ಪಕ್ಕ ಕೂತಿದ್ದ ಮಲ್ಲಿಗಮ್ಮ ಎಂಬಾಕೆ, ಜೊತೆಯವಳಿಗೆ ಮೆಲ್ಲಗೆ ಹೇಳುತ್ತಿದ್ದಳು.

"ನಾನು ಕೆಲ್ಸಕ್ಕೋಗೋ ಮನೆ ಅಮ್ಮಾವ್ರ ಡೇಲಿಲಿ ಹೂವಿನ ಸಸಿನೆಲ್ಲ ಪೇಪರ್ ಲೋಟದಿಂದ ತೆಗ್ದು ದೊಡ್ಡ ಕುಂಡಕ್ಕೆ ನೆಟ್ಟೆ ಕಣಮ್ಮಿ."

"ಒಣಗೋದ್ವಾ?"

"ಇಲ್ಲ, ಚೆಂದಾಗಿ ನಿಂತವೆ. ಲೋಟದಲ್ಲಿ ಚುಚ್ಚಿದ್ದ ಐಸ್‌ಕ್ಯಾಂಡಿ ಕಡ್ಡಿಗಳ್ನ ಒಲೆ ಅಂಟ್ಸಕೆ ಅಂತ ಮನೆಗೆ ತಂದ್ಬುಟ್ಟೆ."

"ತಂದ್ರೇನೀಗ?"

"ಯಾವ ಸಸಿ ಯಾವ ತಾಯಿಗಿಡದ್ದು ಅಂತ ಅದ್ರ ಮ್ಯಾಲೇ ಬರ್ದಿದ್ರಂತೆ."

"ಅಯ್ಯೋ! ಒಲೆಗಾಕ್ದೆ ಅಂತ ಏಳ್ನಿಲ್ವಾ ಅಕ್ಕ?"

"ಬಾಯಿ ಬರ್ನಿಲ್ಲ. ಗಾಳಿಗೆ ತೂರ್ಕೊಂಡೋದ್ವೇನೋ ಅಂದ್ಬುಟ್ಟೆ. ಪಾಪ, ಆ ಮಂಡಿನೋವಲ್ಲೇ ತೋಟವೆಲ್ಲ ಬಗ್ಗಿ ಬಗ್ಗಿ ಉಡುಕುದ್ರು."

"ನೀನೇನ್ ಮಾಡ್ದೆ?"

ಹಂಗಳದ ಬಸ್ಸು ಬಂತು. ಮಲ್ಲಿಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಎದ್ದಳು.

"ನಾನೂವೆ ಜೊತೇಲಿ ಉಡುಕ್ದೆ."