ಕಿಟಕಿಯಲ್ಲಿ ನಿಂತ ಸಾಲು

ಟೈಪಿಂಗ್ ಕ್ಲಾಸ್ ಮುಗಿಸಿದ ಶಾರದ ತುಮಕೂರು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ನಡುವಯಸ್ಸಿನ ಗಂಡ ಹೆಂಡತಿ. ಹೆಂಡತಿಯ ತೊಡೆಯ ಮೇಲೆ ಸೆಲ್ ಹಾಕುವ ಹೊಸ ನಮೂನೆಯ ಎಲೆಕ್ಟ್ರಾನಿಕ್ ಟೈಪ್‌ರೈಟರ್. ಹೊಡೆದ ಸಾಲೊಂದು ಅದರ ಪುಟ್ಟ ಗಾಜಿನ ಕಿಟಕಿಯಲ್ಲಿ ನಿಂತಿತ್ತು.

“ಸೆಲ್ ಬದಲಾಯಿಸಿದ್ರೆ ಅಕ್ಷರ ಅಳಿಸಿಹೋಗ್ತವೆ ಅಂದ್ರು ಅಂಗಡಿಯವ್ರು. ಬ್ಯಾಡ ಬುಡಿ.”

“ಬದಲಾಯಿಸ್ದೆ ಇದ್ರೂ ಸೆಲ್ ಮುಗಿದು ನಾಳೆ ನಾಡಿದ್ದರಲ್ಲಿ ಹೋಗ್ತವೆ ಕಣೇ.”

“ನಮ್ಮ ಗಂಗಾಂಬಿಕೆ ತೀರಿಹೋಗಿ ಒಂಬತ್ತು ದಿನ ಆಗಿಲ್ಲ. ಹನ್ನೊಂದನೇ ದಿನದ ಶಿವಗಣಾರಾಧನೆ ಗಂಟನಾದ್ರೂ ಇರ್ಲಿ, ಮಗಳ ಕೈಯಿಂದ ಬಂದ ಕೊನೇ ಮಾತು. ಇನ್ನೊಂದ್ಸಲ ಓದಿ.”

“ಹೊತ್ತಿಗೆ ಸರಿಯಾಗಿ ಉಣ್ಣವ್ವ ಅಂತ.”

“ನೆನ್ನೆ ಮಾತ್ರೆ ಮರೀಬ್ಯಾಡ ಅಂತ ಓದಿದ್ರಿ.”

“ಇಂಗ್ಲಿಷ್ ಕಣೇ. ಎರಡೂ ಅರ್ಥ ಬರ್ತದೆ.”

ಶಾರದ ಬಗ್ಗಿ ನೋಡಿದಳು. ಎ, ಎಸ್, ಡಿ, ಎಫ್. ಕ್ಲಾಸಿನಲ್ಲಿ ಮೊದಲ ದಿನ ಎಲ್ಲರ ಬೆರಳಿಗೂ ಹೇಳಿಕೊಡುವ, ಯಾವ ಅರ್ಥವೂ ಇಲ್ಲದ ಪಾಠ.

“ನೀನೂ ಓದಿರೋಳು. ಸರಿಯಾಗಿ ಹೇಳಿದ್ರೇನವ್ವ ಇವ್ರು?”

ಗಂಡ ತಲೆ ಎತ್ತಲಿಲ್ಲ.

“ಹೂಂ ಅಮ್ಮ. ಎರಡೂ ಇದೆ.”

ಗುಬ್ಬಿ ಬಸ್ಸು ಬಂತು. ಮೆಟ್ಟಿಲು ಹತ್ತುವಾಗ ಆ ತಾಯಿ, ಅಕ್ಷರ ಹೋಗುವುದರೊಳಗೆ ಬಾಯಿಪಾಠ ಮಾಡಿಕೊಳ್ಳುವವರಂತೆ, ಹೇಳಿಕೊಳ್ಳುತ್ತಿದ್ದರು: “ಹೊತ್ತಿಗೆ ಸರಿಯಾಗಿ ಉಣ್ಣವ್ವ. ಮಾತ್ರೆ ಮರೀಬ್ಯಾಡ.”